ಮೂರು ಸೆಕೆಂಡು ನಿಲ್ಲುವ ಕಣ್ಣು

ಮಂಗಳದ ಮೇಲೆ ಇಳಿಯುವ ಯಂತ್ರಕ್ಕೆ ಒಬ್ಬ ಮನುಷ್ಯನ ಕಣ್ಣು ಕೊಟ್ಟು ಕಳಿಸಬೇಕೆಂದು ತೀರ್ಮಾನವಾದಾಗ, ಯಾರ ಕಣ್ಣು ಎಂಬುದರ ಬಗ್ಗೆ ಹೆಚ್ಚು ಚರ್ಚೆ ಆಗಲಿಲ್ಲ. ಚನ್ನವೀರನಷ್ಟು ತಾಳ್ಮೆಯವನು ನೌಕೆ ಇಳಿಸುವ ವಿಭಾಗದಲ್ಲಿ ಇನ್ನೊಬ್ಬನಿರಲಿಲ್ಲ.

ಕಣ್ಣು ಎಂದರೆ ನಿಜವಾದ ಕಣ್ಣಲ್ಲ. ಇಲ್ಲಿಂದ ಮಂಗಳಕ್ಕೆ ಒಂದು ಮಾತು ಮುಟ್ಟಲು ಹನ್ನೆರಡು ನಿಮಿಷ ಬೇಕು. ನೌಕೆ ಆ ಗ್ರಹದ ತೆಳುಗಾಳಿಯನ್ನು ಹೊಕ್ಕು ನೆಲ ಮುಟ್ಟುವುದು ಏಳು ನಿಮಿಷದಲ್ಲಿ. ಕೆಳಗೆ ಬಂಡೆಯಿದೆಯೋ ಗುಂಡಿಯಿದೆಯೋ ಎಂದು ಅದು ನಮ್ಮನ್ನು ಕೇಳಿ, ನಾವು ಉತ್ತರ ಕೊಡುವಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿರುತ್ತದೆ. ಹಾಗಾಗಿ ನೋಡುವುದೂ ಅದೇ, ತೀರ್ಮಾನಿಸುವುದೂ ಅದೇ. ಅದನ್ನು ಕಲಿಸುವುದಕ್ಕಾಗಿ ಚಿತ್ರದುರ್ಗದ ಆಚೆಯ ಒಂದು ಬೋಳು ಬಯಲಿನಲ್ಲಿ ಮಂಗಳದ ನೆಲವನ್ನು ಹೋಲುವಂತೆ ಮುನ್ನೂರು ಗುಂಡಿಗಳನ್ನು ತೋಡಿಸಿದರು. ಡ್ರೋನ್ ಹಾರಿಸಿ ಅರವತ್ತು ಮೀಟರ್ ಎತ್ತರದಿಂದ ಚಿತ್ರ ತೆಗೆದರು. ಬೆಂಗಳೂರಿನ ಒಂದು ಕತ್ತಲೆ ಕೋಣೆಯಲ್ಲಿ ಚನ್ನವೀರ ಆ ಚಿತ್ರಗಳ ಮುಂದೆ ಕೂತ. ಅವನ ಬಲಗೈ ಕೆಳಗೆ ಎರಡು ಬಟನ್. ಒಂದು ಒತ್ತಿದರೆ ‘ಇಳಿ’, ಇನ್ನೊಂದು ಒತ್ತಿದರೆ ‘ಪಕ್ಕಕ್ಕೆ ಸರಿ’. ಹದಿನಾಲ್ಕು ತಿಂಗಳು, ನಲವತ್ತೊಂದು ಸಾವಿರ ಚಿತ್ರ. ಅವನ ಬೆರಳು ಹೇಳಿದ್ದನ್ನು ನೋಡಿನೋಡಿ ಯಂತ್ರ ಕಲಿಯಿತು. ಪತ್ರಿಕೆಯವರಿಗೆ ಅದಕ್ಕೊಂದು ಉದ್ದನೆಯ ಹೆಸರು ಕೊಟ್ಟರು. ವಿಭಾಗದಲ್ಲಿ ಎಲ್ಲರೂ ಅದನ್ನು ‘ಕಣ್ಣು’ ಎಂದೇ ಕರೆದರು.

ಕಲಿಸುವುದು ಮುಗಿದ ತಿಂಗಳಲ್ಲಿ ಅವನಿಗೆ ಡೆಂಗಿ ಬಂತು. ಒಂಬತ್ತು ದಿನ ಆಸ್ಪತ್ರೆ. ಬೆಳಗಾದರೆ ಒಂದು ಚೀಟಿ, ಚೀಟಿಯಲ್ಲಿ ಪ್ಲೇಟ್‌ಲೆಟ್ ಎಷ್ಟು ಎಂಬ ಸಂಖ್ಯೆ. ಎಂಬತ್ತು ಸಾವಿರ, ಐವತ್ತೆರಡು, ಮೂವತ್ತು. ಹದಿನಾಲ್ಕು ಸಾವಿರಕ್ಕೆ ಬಂದ ದಿನ ಅವನ ಹೆಂಡತಿ ದಾಕ್ಷಾಯಿಣಿ ಎಳನೀರು ತರಲು ಕೆಳಗೆ ಹೋಗಿದ್ದಳು. ಲಿಫ್ಟಿನಲ್ಲಿ ಜನ ತುಂಬಿದ್ದರಿಂದ ಮೆಟ್ಟಿಲು ಹತ್ತಿ ಬಂದಳು. ಬರುವಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಎಳನೀರು ಕೈಯಲ್ಲೇ ಇತ್ತು.

ಮೂರು ತಿಂಗಳ ಮೇಲೆ ನೌಕೆ ಹಾರಿತು. ಕಣ್ಣು ಅದರೊಳಗಿತ್ತು.

ದಾಕ್ಷಾಯಿಣಿಯೂ ಅದೇ ವಿಭಾಗದವಳು. ನೌಕೆ ದಾರಿಯಲ್ಲಿರುವ ಏಳು ತಿಂಗಳು ಕಣ್ಣಿನ ಇನ್ನೊಂದು ಪ್ರತಿಯನ್ನು ಸಿಮ್ಯುಲೇಟರಿನಲ್ಲಿ ಹಾಕಿ ದಿನಕ್ಕೆ ಹತ್ತಾರು ಸಲ ಸುಳ್ಳು ನೆಲದ ಮೇಲೆ ಇಳಿಸಿ ನೋಡುವುದು ಅವಳ ಕೆಲಸ. ನೌಕೆ ಹಾರಿದ ಮೇಲೆ ಕೆಲಸಕ್ಕೆ ಮರಳಿದ ಮೊದಲ ವಾರವೇ ಅವಳು ಅದನ್ನು ಕಂಡಳು. ಅರವತ್ತು ಮೀಟರಿನಲ್ಲಿ, ಕೆಳಗೊಂದು ಕಪ್ಪು ಗುಂಡನೆಯ ಕಲೆಯ ಮೇಲೆ, ಯಂತ್ರ ಇಳಿಯದೆ ನಿಂತಿತು. ಒಂದು, ಎರಡು, ಮೂರು ಸೆಕೆಂಡು. ಆಮೇಲೆ ಎಡಕ್ಕೆ ಸರಿದು ಇಳಿಯಿತು.

ಅವಳು ಎದ್ದು ಹೊರಗೆ ಹೋಗಿ ನೀರು ಕುಡಿದಳು.

ಅವನು ಹಾಗೇ ನಿಲ್ಲುತ್ತಿದ್ದ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಓಣಿಯಂಥ ಜಾಗದಲ್ಲಿ ಬೆಳಕು ಸಾಲದು. ಅಲ್ಲಿ ಪ್ರತಿಸಲ ಒಂದು ಕ್ಷಣ ನಿಂತು, ಕೆಳಗೆ ನೋಡಿ, ಮತ್ತೊಮ್ಮೆ ನೋಡಿ, ಎಡಗಡೆ ಗೋಡೆಯ ಪಕ್ಕಕ್ಕೆ ಸರಿದು ಕಾಲಿಡುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವಳು ನಕ್ಕಿದ್ದಳು. ಅತ್ತೆ ಗಂಗವ್ವ ನಕ್ಕಿರಲಿಲ್ಲ. ರೋಣದ ಕಡೆ ಅವರ ಊರಿನ ಮನೆಯಂಗಳದಲ್ಲಿ ಜೋಳ ತುಂಬುವ ಹಗೇವು ಇತ್ತಂತೆ. ನೆಲದೊಳಗಿನ ಆ ಕಣಜದ ಬಾಯಿ ತೆರೆದಿಟ್ಟ ದಿನ ಆರು ವರ್ಷದ ಚನ್ನವೀರ ಬೆಕ್ಕಿನ ಹಿಂದೆ ಓಡಿ ಒಳಗೆ ಬಿದ್ದಿದ್ದ. ಕತ್ತಲಲ್ಲಿ, ಜೋಳದ ಬಿಸಿಯಲ್ಲಿ, ಉಸಿರು ಕಟ್ಟುವ ಹೊತ್ತಿಗೆ ಚಿಕ್ಕಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಎತ್ತಿ ತಂದಿದ್ದರು. ಅಂದಿನಿಂದ ಗುಂಡಗೆ ಕಪ್ಪಗೆ ಏನು ಕಂಡರೂ ಅವನು ಎರಡು ಸಲ ನೋಡುತ್ತಿದ್ದ. ಆ ಓಣಿಗೆ ಒಂದು ಪುಟ್ಟ ಬಲ್ಬು ಹಾಕಿಸಿ ಹಗಲೂ ರಾತ್ರಿ ಉರಿಸುತ್ತಿದ್ದ. ಅವನು ಹೋದ ಮೇಲೂ ಅದನ್ನು ಯಾರೂ ಆರಿಸಿರಲಿಲ್ಲ. ಒಮ್ಮೆ ಸುಟ್ಟುಹೋದಾಗ ಗಂಗವ್ವನೇ ಅಂಗಡಿಗೆ ಹೋಗಿ ಹೊಸದು ತಂದರು.

ಆ ಸಂಜೆ ದಾಕ್ಷಾಯಿಣಿ ಅತ್ತೆಗೆ ಹೇಳಿದಳು, ಅವರು ಆ ಯಂತ್ರದಲ್ಲೂ ನಿಲ್ಲುತ್ತಾರೆ ಎಂದು. ಗಂಗವ್ವ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. ಯಂತ್ರ, ಮಂಗಳ ಇವೆಲ್ಲ ಏನೆಂದು ಅವರು ಕೇಳಲಿಲ್ಲ. ಕೇಳಿದ್ದು ಒಂದೇ.

“ಎಡಕ್ಕ ಸರಿದನೇನು?”

“ಹೂಂ ಅತ್ತೆ.”

ಮರುದಿನದಿಂದ ಅದೊಂದು ಪರಿಪಾಠವಾಯಿತು. ದಾಕ್ಷಾಯಿಣಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಪ್ರಶ್ನೆ ಬರುತ್ತಿತ್ತು. “ಇವತ್ತ ನಿಂತನೇನವ್ವ?” ನಿಂತರು ಎಂದು ಅವಳು ಹೇಳುತ್ತಿದ್ದಳು. ನಿಲ್ಲದ ದಿನಗಳೂ ಇರುತ್ತಿದ್ದವು. ಅಂಥ ದಿನ ಅವಳು ಕೆಲಸ ಮುಗಿದ ಮೇಲೂ ಕೂತು, ಅವನು ನಿಲ್ಲುವವರೆಗೆ ಹೊಸ ಹೊಸ ನೆಲ ಕೊಟ್ಟು, ನಿಂತ ಮೇಲೆ ಮನೆಗೆ ಬರುತ್ತಿದ್ದಳು. ಸುಳ್ಳು ಹೇಳಬಾರದೆಂದು.

ಇಳಿಯುವುದಕ್ಕೆ ಹತ್ತೊಂಬತ್ತು ದಿನ ಇದೆ ಎನ್ನುವಾಗ ಫ್ಲೇವಿಯಾ ರೆಬೆಲ್ಲೊ ಅವಳನ್ನು ಕರೆದರು. ಇಳಿತದ ಹೊಣೆಯೆಲ್ಲ ಅವರದು. ಒಂಬತ್ತು ವರ್ಷ ಇದೊಂದರ ಹಿಂದೆಯೇ ಇದ್ದವರು. ಮೂಲತಃ ಮಂಗಳೂರಿನ ಬಜ್ಪೆಯವರು. ಚನ್ನವೀರ ಹೋದ ಮೇಲೆ ಸಹೋದ್ಯೋಗಿಗಳೆಲ್ಲ ಅವನ ಹೆಸರೆತ್ತದೆ ಸುತ್ತಿ ಬಳಸಿ ಮಾತಾಡುತ್ತಿದ್ದರು. ಹೆಸರು ಹಿಡಿದು, ಇನ್ನೂ ಪಕ್ಕದ ಕೋಣೆಯಲ್ಲಿದ್ದಾನೆ ಎಂಬಂತೆ ಮಾತಾಡುತ್ತಿದ್ದವರು ಅವರೊಬ್ಬರೇ.

“ನಿನ್ನ ಚನ್ನವೀರ ಮಂಗಳಕ್ಕೆ ಸೈಟ್ ನೋಡ್ಲಿಕ್ಕೆ ಹೋಗಿದ್ದಾನಾ ಮಾರಾಯ್ತಿ? ಒಂದೊಂದು ಕಡೆ ನಿಂತು ನಿಂತು ನೋಡ್ತಾನೆ. ಅಲ್ಲಿ ಡೀಸೆಲ್ ಬಂಕ್ ಇಲ್ಲ ಅಂತ ಅವನಿಗೆ ಹೇಳಿದವರಿಲ್ವಾ?”

ದಾಕ್ಷಾಯಿಣಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗುವಾದ್ದರಿಂದ ಅದು ಕೆಮ್ಮಿನ ಹಾಗೆ ಕೇಳಿಸಿತು.

ವಿಷಯ ನಗುವಂಥದ್ದಾಗಿರಲಿಲ್ಲ. ಅರವತ್ತು ಮೀಟರಿಗೆ ಬಂದ ಮೇಲೆ ನೌಕೆಯಲ್ಲಿ ನಲವತ್ತು ಸೆಕೆಂಡಿನ ಇಂಧನ ಉಳಿದಿರುತ್ತದೆ. ಒಂದೆರಡು ಸಲ ನಿಂತರೆ ಅಡ್ಡಿಯಿಲ್ಲ. ಆರೇಳು ಸಲ ನಿಂತು, ಪ್ರತಿಸಲ ಪಕ್ಕಕ್ಕೂ ಸರಿದರೆ ಇಳಿಯಲು ಏನೂ ಉಳಿಯುವುದಿಲ್ಲ. ಯಾಕೆ ನಿಲ್ಲುತ್ತದೆ ಎಂದು ಪರಿಶೀಲನಾ ಸಮಿತಿ ಕೇಳಿತ್ತು. ಆರು ದಿನದಲ್ಲಿ ಕಾರಣ ಬರೆದು ಕೊಡಬೇಕು. ತಿದ್ದುಪಡಿ ಏನಿದ್ದರೂ ಆಮೇಲೆ ನೌಕೆಗೆ ಕಳಿಸಲು ಸಮಯವಿತ್ತು.

ಕಾರಣ ಅವಳಿಗೆ ಗೊತ್ತಿತ್ತು. ಹಗೇವು ಎಂದು ಸಮಿತಿಗೆ ಬರೆಯುವ ಹಾಗಿಲ್ಲ. ‘ಕಲಿಸಿದ ವ್ಯಕ್ತಿಯ ಸ್ವಭಾವಸಹಜ ಎಚ್ಚರಿಕೆ, ನೆರಳಿರುವ ತಗ್ಗುಗಳಲ್ಲಿ ಮಾತ್ರ, ಉಪಯುಕ್ತ’ ಎಂದು ಬರೆದಳು. ಪುರಾವೆಗೆಂದು ಈವರೆಗೆ ಯಂತ್ರ ನಿಂತ ಇನ್ನೂರ ಹನ್ನೆರಡು ಜಾಗಗಳ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ಪ್ರತಿಯೊಂದರಲ್ಲೂ ಒಂದು ಕಪ್ಪು ಗುಂಡನೆಯ ಕಲೆ ಇರಬೇಕಿತ್ತು.

ಅರವತ್ತೆಂಟು ಚಿತ್ರಗಳಲ್ಲಿ ಇರಲಿಲ್ಲ.

ಚಪ್ಪಟೆ ನೆಲ, ನೆರಳಿಲ್ಲ, ತಗ್ಗಿಲ್ಲ. ಅಲ್ಲಿ ಅವನು ಯಾತಕ್ಕೆ ನಿಂತ? ಅವಳು ಮತ್ತೆ ಮೊದಲಿನಿಂದ ನೋಡಿದಳು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಇನ್ನೂರ ಹನ್ನೆರಡರಲ್ಲೂ ಇದ್ದದ್ದು ಒಂದೇ. ಎಲ್ಲೋ ಒಂದು ಬಿಳಿ ಚುಕ್ಕೆ. ನೌಕೆ ಇಳಿಯಬೇಕಾದ ಬಯಲಿನಲ್ಲಿ ಉಪ್ಪಿನಂಥ ಬಿಳಿ ಕಲೆಗಳು ಅಲ್ಲಲ್ಲಿ ಇವೆ. ಸಿಮ್ಯುಲೇಟರಿನ ನೆಲವನ್ನು ಆ ಬಯಲಿನ ಚಿತ್ರಗಳಿಂದಲೇ ಮಾಡಿದ್ದರಿಂದ ಇಲ್ಲೂ ಇದ್ದವು. ಚನ್ನವೀರ ಬಿಳಿಗೆ ಎಂದೂ ಹೆದರಿದವನಲ್ಲ.

ಅವಳು ಚಿತ್ರದುರ್ಗದ ಬಯಲಿನ ಹಳೆಯ ಚಿತ್ರಗಳನ್ನು ತೆರೆದಳು. ಪ್ರತಿ ಗುಂಡಿಯ ಮೂಡಣ ಅಂಚಿನಲ್ಲಿ ಮೂರು ಬಿಳಿ ಚುಕ್ಕೆ. ಮುನ್ನೂರು ಗುಂಡಿ, ಮುನ್ನೂರರಲ್ಲೂ ಮೂರು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಹೊರಟು ಹನ್ನೊಂದಕ್ಕೆಲ್ಲ ಬಯಲು ತಲುಪಿದಳು. ಗುಂಡಿ ತೋಡಿದ ಹೆಂಗಸರ ಮುಂದಾಳು ತಿಪ್ಪಮ್ಮ ಈಗ ಅಲ್ಲಿ ಕಾವಲಿಗಿದ್ದಳು. ಬಿಳಿ ಚುಕ್ಕೆ ಏನೆಂದು ಕೇಳಬೇಕಾಗಲಿಲ್ಲ. ಮೊದಲ ಗುಂಡಿಯ ಹತ್ತಿರ ಹೋಗುತ್ತಲೇ ದಾಕ್ಷಾಯಿಣಿಗೆ ಕಂಡಿತು. ಮುಷ್ಟಿ ಗಾತ್ರದ ಮೂರು ಕಲ್ಲು ಸಾಲಾಗಿ ಕೂರಿಸಿ, ಸುಣ್ಣ ಬಳಿದು, ಕುಂಕುಮ ಇಟ್ಟಿದ್ದರು. ಕುಂಕುಮ ಬಿಸಿಲಿಗೆ ಹೋಗಿತ್ತು. ಸುಣ್ಣ ಉಳಿದಿತ್ತು.

“ಭೂಮ್ತಾಯಿಗೆ ಹೇಳ್ದೆ ಗುಂಡಿ ತೋಡಾಕಾಗ್ತದೇನವ್ವ?” ಎಂದಳು ತಿಪ್ಪಮ್ಮ. “ಮುನ್ನೂರು ಗಾಯ ಮಾಡೀವಿ. ಒಂದೊಂದಕ್ಕೂ ಕೇಳ್ಕಂಡೇ ಮಾಡೀವಿ.”

ದಾಕ್ಷಾಯಿಣಿ ಆ ಕಲ್ಲುಗಳ ಪಕ್ಕದಲ್ಲೇ ಗಂಡನ ಜೊತೆ ನಿಂತು ಫೋಟೊ ತೆಗೆಸಿಕೊಂಡಿದ್ದಳು. ಚಿತ್ರ ತೆಗೆಯುವ ಮೊದಲು ವಿಭಾಗದವರು ಬಯಲನ್ನೆಲ್ಲ ಶುಚಿ ಮಾಡಿದ್ದರು. ಹಗ್ಗ, ಬಾವುಟ, ಗುದ್ದಲಿ ತೆಗೆಸಿದ್ದರು. ಟ್ರ್ಯಾಕ್ಟರಿನ ಗಾಲಿ ಗುರುತನ್ನು ಪೊರಕೆ ಹಿಡಿದು ಅಳಿಸಿದ್ದರು. ಮಂಗಳದಲ್ಲಿ ಇಲ್ಲದ್ದು ಯಾವುದೂ ಚಿತ್ರದಲ್ಲಿ ಇರಬಾರದು. ಈ ಮೂರು ಕಲ್ಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೊರಗಿನಿಂದ ಬಂದವರಾಗಿದ್ದರೆ ಮೊದಲ ದಿನವೇ ಇದೇನೆಂದು ಕೇಳುತ್ತಿದ್ದರು. ಇವರು ಹುಟ್ಟಿದಾಗಿನಿಂದ ಹೊಲದ ಬದುವಿನಲ್ಲಿ, ಬಾವಿಯ ಕಟ್ಟೆಯಲ್ಲಿ, ಮನೆಯ ಪಾಯದಲ್ಲಿ ನೋಡುತ್ತ ಬಂದದ್ದು. ಅಷ್ಟು ನೋಡಿದ್ದರಿಂದಲೇ ಕಂಡಿರಲಿಲ್ಲ.

“ನಿಮ್ಮ ಯಜಮಾನ್ರು ಬಂದಾಗ ತೆಂಗಿನಕಾಯಿ ಚೂರು ತೆಗ್ಸಿದ್ರು, ನಾಯಿ ಬರ್ತಾವೆ ಅಂತ,” ತಿಪ್ಪಮ್ಮ ಹೇಳಿದಳು. “ಕಲ್ಲು ಇರ್ಲಿ ಬಿಡು ತಿಪ್ಪಮ್ಮ, ಅದೇನು ಮಾಡ್ತದೆ ಅಂದ್ರು.”

ಹೊರಡುವಾಗ ತಿಪ್ಪಮ್ಮ ಸೆರಗಿನ ಗಂಟಿನಿಂದ ಕುಂಕುಮದ ಪೊಟ್ಟಣ ತೆಗೆದು, ರೂಢಿಯಂತೆ ಬೆರಳು ಅದ್ದಿ ಅವಳ ಹಣೆಯತ್ತ ಕೈಯೆತ್ತಿದಳು. ಕೈ ನಡುವೆಯೇ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು ಬಗ್ಗಿ ಆ ಕುಂಕುಮವನ್ನು ಕಲ್ಲಿಗೆ ಹಚ್ಚಿದಳು.

ಜೀಪಿನಲ್ಲಿ ಬರುತ್ತ ದಾಕ್ಷಾಯಿಣಿಗೆ ಎಲ್ಲ ಅರ್ಥವಾಯಿತು. ಬಿಳಿ ಚುಕ್ಕೆ ಕಂಡಲ್ಲಿ ಪಕ್ಕದಲ್ಲಿ ಗುಂಡಿ ಇದ್ದೇ ಇರುತ್ತದೆ ಎಂದು ಯಂತ್ರ ಕಲಿತಿತ್ತು. ಬಿಳಿ ಇದ್ದು ಅದಕ್ಕೆ ತಾಗಿ ಗುಂಡಿ ಕಾಣದಿದ್ದರೆ, ಬೇರೆ ಕಡೆ ಗುಂಡಿಯಿದ್ದರೂ, ಅದಕ್ಕೆ ನಂಬಿಕೆ ಬರುವುದಿಲ್ಲ. ಮತ್ತೊಂದು ಚಿತ್ರ ತೆಗೆದು ನೋಡುತ್ತದೆ, ಇನ್ನೊಂದು ತೆಗೆದು ನೋಡುತ್ತದೆ. ಮೂರು ಚಿತ್ರಕ್ಕೆ ಮೂರು ಸೆಕೆಂಡು. ಅದರಲ್ಲಿ ಹಗೇವೂ ಇರಲಿಲ್ಲ, ಬೆಕ್ಕಿನ ಹಿಂದೆ ಓಡಿದ ಮಗುವೂ ಇರಲಿಲ್ಲ. ಇಷ್ಟು ತಿಂಗಳು ಅವಳು ಕೂತು ಕಾದದ್ದು ಸುಣ್ಣಕ್ಕೆ.

ಆ ಸಂಜೆ ಗಂಗವ್ವ ಕೇಳಿದಾಗ ಅವಳು, ಇವತ್ತು ಊರಲ್ಲಿರಲಿಲ್ಲ ಅತ್ತೆ, ನೋಡಲಿಲ್ಲ ಎಂದಳು.

ಬರೆದಿಟ್ಟ ವಿವರಣೆ ಮೇಜಿನ ಮೇಲಿತ್ತು. ಸಹಿ ಹಾಕುವುದೊಂದೇ ಬಾಕಿ. ಅದನ್ನು ಸಮಿತಿ ಒಪ್ಪುತ್ತಿತ್ತು. ಸತ್ತವನ ಎಚ್ಚರಿಕೆಯನ್ನು ಅವನ ಹೆಂಡತಿಯ ಎದುರಿಗೆ ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆ ಇನ್ನೂರ ಹನ್ನೆರಡು ಚಿತ್ರಗಳನ್ನು ಬೇರೆ ಯಾರೂ ತೆರೆದು ನೋಡುವವರಿರಲಿಲ್ಲ. ನೌಕೆ ಅದೃಷ್ಟವಿದ್ದರೆ ಬಿಳಿ ಕಡಿಮೆಯಿರುವ ಕಡೆ ಇಳಿದೀತು. ಹೇಳಿದರೆ ನಿಲ್ಲುವುದನ್ನು ಅಳಿಸಿಬಿಡುತ್ತಾರೆ. ಇಲ್ಲಿ ನೆಲದ ಮೇಲೆ ಅವನದೆಂದು ಕಣ್ಣಿಗೆ ಕಾಣುವಂಥದ್ದು ಬೇರೇನೂ ಉಳಿದಿರಲಿಲ್ಲ. ಅದು ಅವನಲ್ಲ ಎಂದು ಗೊತ್ತಾದ ಮೇಲೂ, ಮರುದಿನ ಅವಳು ಸಿಮ್ಯುಲೇಟರ್ ಹಾಕಿದಳು. ಅವನು ನಿಂತ. ಗೊತ್ತಿದ್ದರೂ ಎದೆ ಮೊದಲಿನಂತೆಯೇ ಹೊಡೆದುಕೊಂಡಿತು.

ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಎರಡೂ ಸಂಜೆ ಅತ್ತೆಗೆ, ನಿಂತರು ಎಂದಳು. ಎರಡನೆಯ ಸಂಜೆ ಗಂಗವ್ವ ಪಲ್ಯ ಬಡಿಸುತ್ತ, ಅಲ್ಲಿಗೆ ಹೋದಾಗ ಅವನಿಗೆ ಇಳಿಯಲು ನೆಲ ಸಿಗುತ್ತದಲ್ಲ ಎಂದು ಕೇಳಿದರು. ಹಗೇವಿನಿಂದ ಎತ್ತಿ ತಂದಾಗ ಮಗು ಅಳಲಿಲ್ಲವಂತೆ. ಅಂಗಳದಲ್ಲಿ ಇಳಿಸಿದರೂ ಕಾಲು ಊರಲೊಲ್ಲದೆ ಚಿಕ್ಕಪ್ಪನ ಕೊರಳಿಗೆ ಜೋತುಬಿದ್ದಿತ್ತಂತೆ, ಕತ್ತಲಾಗುವ ತನಕ.

ಮರುದಿನ ಬೆಳಿಗ್ಗೆ ದಾಕ್ಷಾಯಿಣಿ ಫ್ಲೇವಿಯಾರ ಕೋಣೆಗೆ ಹೋಗಿ, ಬರೆದಿದ್ದ ಹಾಳೆಯನ್ನು ಹರಿದು, ಮೂರು ಕಲ್ಲಿನ ಕಥೆ ಹೇಳಿದಳು. ಫ್ಲೇವಿಯಾ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

“ನಾನೂ ಆ ಕಲ್ಲಿನ ಮೇಲೆ ಕಾಲಿಟ್ಟು ಶೂ ಲೇಸ್ ಕಟ್ಟಿದ್ದೇನೆ,” ಎಂದರು. ಕನ್ನಡಕ ಹಾಕಿಕೊಂಡು ಮೆಲ್ಲಗೆ ಕೇಳಿದರು, “ನಿಂಗೆ ಇದು ಹೇಳದೇ ಇರ್ಲಿಕ್ಕೆ ಆಗ್ತಿತ್ತು. ಅಲ್ವಾ?”

“ಆಗ್ತಿತ್ತು ಮೇಡಂ.”

ಫ್ಲೇವಿಯಾ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟು, ಉಳಿದ ತೀರ್ಮಾನವೆಲ್ಲ ಅವನದೇ ಆಗಿರುತ್ತದೆ, ಅಳಿಸುವುದು ಸುಣ್ಣವನ್ನು ಮಾತ್ರ ಎಂದರು.

ನಲವತ್ತೊಂದು ಸಾವಿರ ಚಿತ್ರಗಳಿಂದ ಬಿಳಿ ಚುಕ್ಕೆಗಳನ್ನು ಅಳಿಸಿದರು. ಚನ್ನವೀರನ ಬೆರಳು ಹೇಳಿದ ಉತ್ತರಗಳನ್ನು ಹಾಗೇ ಇಟ್ಟು ಯಂತ್ರಕ್ಕೆ ಮತ್ತೆ ಕಲಿಸಿದರು. ಹೊಸ ಕಣ್ಣು ಎಲ್ಲೂ ನಿಲ್ಲಲಿಲ್ಲ. ಕಪ್ಪು ಕಲೆಯ ಮೇಲೂ ನಿಲ್ಲಲಿಲ್ಲ. ನೋಡಿದ ಕ್ಷಣವೇ ಸರಿದು ಇಳಿಯಿತು. ದಾಕ್ಷಾಯಿಣಿ ಅದನ್ನು ಐನೂರು ಸಲ ಇಳಿಸಿದಳು. ಒಳ್ಳೆಯ ಕೆಲಸ, ಯಾರೇ ಮಾಡಿದ್ದರೂ ಹೀಗೇ ಮಾಡುತ್ತಿದ್ದರು ಎನ್ನುವಷ್ಟು ಒಳ್ಳೆಯ ಕೆಲಸ. ಅದರಲ್ಲಿ ಅವಳಿಗೆ ಅವನ ಗುರುತು ಹತ್ತಲಿಲ್ಲ. ಸಹಿ ಹಾಕಿದಳು. ಹೊಸ ಕಣ್ಣು ನೌಕೆಗೆ ಹೋಯಿತು.

ಮನೆಯಲ್ಲಿ ಪ್ರಶ್ನೆ ಬಂದಾಗಲೆಲ್ಲ, ಈಗ ಎಲ್ಲರೂ ಬೇರೆ ಕೆಲಸದಲ್ಲಿದ್ದೇವೆ ಅತ್ತೆ ಎನ್ನುತ್ತಿದ್ದಳು. ಗಂಗವ್ವ ಅವಳ ಮುಖ ನೋಡುತ್ತಿದ್ದರು.

ಇಳಿಯುವ ದಿನ ನಿಯಂತ್ರಣ ಕೊಠಡಿಯಲ್ಲಿ ಇಪ್ಪತ್ತೆರಡು ಜನ. ಮಧ್ಯಾಹ್ನ ಎರಡು ಗಂಟೆ ಆರು ನಿಮಿಷಕ್ಕೆ ನೌಕೆ ಗಾಳಿ ಹೊಕ್ಕಿತು ಎಂಬ ಸುದ್ದಿ ಬಂತು. ಆ ಸುದ್ದಿ ಹೊರಟದ್ದು ಹನ್ನೆರಡು ನಿಮಿಷ ಹಿಂದೆ. ಅಂದರೆ ಈ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿದೆ; ಇಳಿದಿದೆ ಇಲ್ಲವೆ ಒಡೆದಿದೆ. ಗೊತ್ತಾಗದವರು ಇವರು ಮಾತ್ರ. ದಾಕ್ಷಾಯಿಣಿ ಆಸ್ಪತ್ರೆಯ ಮೆಟ್ಟಿಲ ಮೇಲಿದ್ದ ತನ್ನನ್ನು ನೆನೆದಳು. ಎಳನೀರಿಗೆ ಸ್ಟ್ರಾ ಹಾಕಿಸಿಕೊಂಡು, ಎರಡನೆಯ ಮಹಡಿಯಲ್ಲಿ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಂಡಿದ್ದಳು.

ಪ್ಯಾರಾಚೂಟ್ ಬಿಚ್ಚಿತು. ಕಳಚಿತು. ಎಂಜಿನ್ ಹೊತ್ತಿತು. ಎತ್ತರದ ಸಂಖ್ಯೆ ಇಳಿಯತೊಡಗಿತು. ಸಾವಿರದ ಇನ್ನೂರು, ಐನೂರು, ನೂರಾ ಎಂಬತ್ತು. ಅರವತ್ತು. ಐವತ್ತೆರಡು, ಮೂವತ್ತು, ಹದಿನಾಲ್ಕು. ನಿಲ್ಲಲೇ ಇಲ್ಲ. ನೆಲ. ಇಪ್ಪತ್ತೆರಡು ಸೆಕೆಂಡಿನ ಇಂಧನ ಇನ್ನೂ ಉಳಿದಿತ್ತು.

ಎಲ್ಲರೂ ಎದ್ದು ನಿಂತರು. ಫ್ಲೇವಿಯಾ ಮೇಜಿಗೆ ತಲೆಯಿಟ್ಟು ಅತ್ತರು. ಮೊದಲ ಚಿತ್ರ ಬಂತು. ಕೆಂಪು ನೆಲದ ತುಂಬ, ಕಣ್ಣು ಹಾಯುವವರೆಗೆ, ಸುಣ್ಣ ಚೆಲ್ಲಿದ ಹಾಗೆ ಬಿಳಿ. ಅದನ್ನು ನೋಡಿ ಫ್ಲೇವಿಯಾ ತಿರುಗಿ ದಾಕ್ಷಾಯಿಣಿಯ ಮುಖ ನೋಡಿದರು.

ಹಳೆಯ ಕಣ್ಣಿನ ಒಂದು ಪ್ರತಿ ಅವಳ ಯಂತ್ರದಲ್ಲಿ ಉಳಿದಿತ್ತು. ನಾಲ್ಕು ದಿನದ ಮೇಲೆ, ನೌಕೆ ಇಳಿಯುವಾಗ ತೆಗೆದ ಚಿತ್ರಗಳೆಲ್ಲ ಬಂದು ಅದರಿಂದ ನಿಜವಾದ ನೆಲವನ್ನು ಸಿಮ್ಯುಲೇಟರಿನಲ್ಲಿ ಕಟ್ಟಿದ ಮೇಲೆ, ಅವಳು ಹಳೆಯ ಕಣ್ಣನ್ನು ಅದರ ಮೇಲೆ ಬಿಟ್ಟಳು. ಯಾರೂ ಹೇಳಿರಲಿಲ್ಲ. ವರದಿಗೆ ಬೇಕಾಗಿಯೂ ಇರಲಿಲ್ಲ. ಉಳಿದವರು ಊಟಕ್ಕೆ ಹೋಗಿದ್ದರು.

ಅರವತ್ತು ಮೀಟರ್. ನಿಂತ. ಮೂರು ಸೆಕೆಂಡು. ಎಡಕ್ಕೆ ಸರಿದ. ಅಲ್ಲೂ ಬಿಳಿ. ನಿಂತ. ಇಂಧನ ಮೂವತ್ತು. ಮತ್ತೆ ಎಡಕ್ಕೆ. ಮತ್ತೆ ನಿಂತ. ಇಪ್ಪತ್ತೊಂದು. ಒಂದು ಜಾಗವನ್ನೂ ಅವನು ನಂಬಲಿಲ್ಲ. ಹದಿನಾಲ್ಕು. ಅವಳ ಬೆರಳು ನಿಲ್ಲಿಸುವ ಕೀಲಿಯ ಮೇಲಿತ್ತು. ಒತ್ತಿದ್ದರೆ ಅವನು ಅಲ್ಲೇ ಇರುತ್ತಿದ್ದ, ಹದಿನಾಲ್ಕು ಸೆಕೆಂಡಿನ ಇಂಧನ ಇಟ್ಟುಕೊಂಡು, ಎಷ್ಟು ದಿನ ಬೇಕಾದರೂ. ಅವಳು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕಳೆದ ಸಲ, ಆಸ್ಪತ್ರೆಯಲ್ಲಿ, ಅವಳು ಕೋಣೆಯಲ್ಲಿರಲಿಲ್ಲ.

ಆರು. ಎರಡು. ಸೊನ್ನೆ.

ಐವತ್ತೇಳು ಮೀಟರಿನಿಂದ ಬಿದ್ದ. ಎಂಜಿನ್ ಆರಿದ್ದರೂ ಕಣ್ಣು ಆರಿರಲಿಲ್ಲ. ಬೀಳುತ್ತಿರುವಷ್ಟು ಹೊತ್ತೂ ಅದು ಸೆಕೆಂಡಿಗೊಂದು ಚಿತ್ರ ತೆಗೆಯುತ್ತ, ಇಲ್ಲಿ ಬೇಡ, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಬರೆಯುತ್ತಲೇ ಇತ್ತು. ಐದು ಸಾಲು ಬರೆಯಿತು. ಆರನೆಯ ಸಾಲು ಬರಲಿಲ್ಲ.

ಅವಳು ಕೊನೆಯವರೆಗೆ ನೋಡಿದಳು. ಪರದೆ ಮತ್ತೊಮ್ಮೆ ಓಡಿಸಲೇ ಎಂದು ಕೇಳಿತು. ಬೇಡ ಎಂದು ಒತ್ತಿ, ಹಳೆಯ ಕಣ್ಣನ್ನು ಅಳಿಸಿ, ಚೀಲ ತೆಗೆದುಕೊಂಡು ಎದ್ದಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಗಂಗವ್ವ ನಡುಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಟಿವಿಯಲ್ಲಿ ನಾಲ್ಕು ದಿನದಿಂದ ಅದೇ ಕೆಂಪು ನೆಲ ತೋರಿಸುತ್ತಿದ್ದರು. ಅವರು ಅದನ್ನು ನೋಡಿಯೂ ಏನೂ ಕೇಳಿರಲಿಲ್ಲ. ದಾಕ್ಷಾಯಿಣಿ ಚಪ್ಪಲಿ ಬಿಟ್ಟು ಒಳಗೆ ಬಂದು ಅವರ ಎದುರಿಗೆ ನೆಲದ ಮೇಲೆ ಕೂತಳು. ಹೀಗೆ ಎದುರಿಗೆ ಕೂತದ್ದು ಬಹಳ ದಿನದ ಮೇಲೆ.

“ಇವತ್ತ ನಿಂತನೇನವ್ವ?”

“ಇಲ್ಲ ಅತ್ತೆ,” ಎಂದಳು ದಾಕ್ಷಾಯಿಣಿ. “ಇಳಿದ್ರು.”

ಗಂಗವ್ವ ಮಡಿಲಿನ ಸಿಪ್ಪೆಯನ್ನು ಒಟ್ಟು ಮಾಡಿ ಮೊರಕ್ಕೆ ಹಾಕಿದರು. ಸುಲಿದ ಕಾಳನ್ನು ಬೇರೆ ಬಟ್ಟಲಿಗೆ ಹಾಕಿದರು. ಬಟ್ಟಲನ್ನು ಸೊಸೆಯ ಕಡೆ ಸರಿಸಿದರು. ಆಮೇಲೆ ಅಡುಗೆಮನೆಯ ಓಣಿಯ ಕಡೆ ನೋಡುತ್ತ ಹೇಳಿದರು.

“ಹಂಗಾದ್ರ ಆ ಲೈಟ್ ಆರಿಸವ್ವ.”